ಮಾವನ ಬೆರಳಿಗೆ ಒಗ್ಗದ ತಂತಿ

ಚಿನ್ನ, ಬೆಳ್ಳಿ ಬಿಟ್ಟು ಬೆಳ್ಳಗೆ ಹೊಳೆಯುವ ಬೇರೆ ಲೋಹ ತಾಗಿದರೆ ಮೈ ಕೆರಳುವ ಮನುಷ್ಯ ಎಂದರೆ ನೀವು ಯಾವುದೋ ಸಂಸ್ಥಾನದ ಅರಸನನ್ನು ನೆನೆದುಕೊಂಡೀರಿ. ತಪ್ಪು! ಆತ ನನ್ನ ಸೋದರಮಾವ. ಸೇಲಂ ಜಿಲ್ಲೆಯ ನಂಗವಳ್ಳಿಯಿಂದ ಎರಡು ಮೈಲಿ ಒಳಗಿನ ಹಳ್ಳಿಯಲ್ಲಿ ನೂರಾ ಹನ್ನೆರಡು ಕುರಿಗಳ ಒಡತಿಯಾದ ನನ್ನ ಅಜ್ಜಿಯ ಕೊನೆಯ ಮಗ. ಚಿನ್ನ ಅವನಿಗೆ ಒಗ್ಗುತ್ತದೆ ಎಂಬುದು ಕೂಡ ನಮ್ಮ ಊಹೆ ಮಾತ್ರ. ಪರೀಕ್ಷೆ ಮಾಡಿ ನೋಡುವಷ್ಟು ಚಿನ್ನ ಮನೆಯಲ್ಲಿರಲಿಲ್ಲ.

ಇಂಥ ಮೈಯವನು ಬದುಕಿಗೆ ಆರಿಸಿಕೊಂಡ ಕಸುಬು ಯಾವುದು? ಮರದ ಕೆಲಸವೇ? ಮಣ್ಣಿನ ಕೆಲಸವೇ? ಮನೆತನದ ಉಣ್ಣೆಯ ಕೆಲಸವೇ? ಯಾವುದೂ ಅಲ್ಲ. ಒಂದೊಂದು ಸಂಜೆ ಮೂರು ಮೂರು ಗಂಟೆ ಲೋಹವನ್ನೇ ಒತ್ತಿ, ಉಜ್ಜಿ, ಮೀಟುವ ಕಸುಬು. ಬೇಸ್ ಗಿಟಾರ್!

ನಾನು ಆಗ ಮೆಟ್ಟೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅಜ್ಜಿಯ ಮನೆಯಲ್ಲಿದ್ದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎಪ್ಪತ್ತರ ದಶಕದ ಆ ವರ್ಷಗಳ ಡೈರಿಗಳು ಈಗಲೂ ನನ್ನ ಮುಂದಿವೆ. ಆದ್ದರಿಂದ ಇಲ್ಲಿ ಬರುವ ಎಣಿಕೆಯನ್ನು ದಯವಿಟ್ಟು ಅನುಮಾನಿಸಬೇಡಿ. ಮಾವನ ಮಾತನ್ನು ಬೇಕಾದರೆ ಎಷ್ಟಾದರೂ ಅನುಮಾನಿಸಿ.

ಬೇಸ್ ಗಿಟಾರ್ ನೋಡದವರಿಗೆ ಒಂದು ಮಾತು. ಅದು ಗಿಟಾರಿನ ದೊಡ್ಡಣ್ಣ. ಕತ್ತು ಉದ್ದ, ತಂತಿ ನಾಲ್ಕೇ, ಒಂದೊಂದು ತಂತಿಯೂ ಗಾಡಿ ಹಗ್ಗಕ್ಕೆ ದೂರದ ನೆಂಟ. ಹಾಡಿನ ಅಡಿಯಲ್ಲಿ ಗುಂ ಗುಂ ಎಂದು ನಡೆಯುತ್ತಿರುವುದು ಅದರ ಕೆಲಸ. ಮಾವ ಸೇಲಂನ ಒಂದು ಮೆಲ್ಲಿಸೈ ತಂಡದಲ್ಲಿದ್ದ. ಮೆಲ್ಲಿಸೈ ಎಂದರೆ ಮತ್ತೇನಿಲ್ಲ, ಮದುವೆಯ ರಿಸೆಪ್ಷನ್ನಿನಲ್ಲಿ ಊಟಕ್ಕೆ ಮುಂಚೆ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ. ಅವನು ಆ ವಾದ್ಯವನ್ನು ಮೊದಲ ಸಲ ಮನೆಗೆ ತಂದ ದಿನ ಅಜ್ಜಿ ಅದನ್ನು ಹೊಸ ಟಗರು ನೋಡುವ ಹಾಗೆ ಸುತ್ತಲೂ ನೋಡಿದಳು.

"ಮಿಕ್ಕೋರ್ ಗಿಟಾರ್‌ಗೆ ಆರ್ ತಂತಿ ಐತೆ. ನಿಂದ್ರಾಗೆ ನಾಕೇ ಐತಲ್ಲಾ. ಇನ್ನೆಲ್ಡು ಯಾರ್ ತಿಂದ್ರು?"

"ಇದು ಬೇಸು ಕಣವ್ವ. ಇದ್ಕೆ ನಾಕೇ."

"ಸದ್ದೇ ಕೇಳ್ಸಾಕಿಲ್ವಲ್ಲೋ."

"ಇದು ಕಿವಿಗಲ್ಲವ್ವ, ಎದೆಗೆ ಗೊತ್ತಾಯ್ತದೆ."

"ನನ್ ಎದೆಗೆ ಆಗ್ಲೇ ಗೊತ್ತಾಯ್ತು ಬುಡು, ನೀನು ಕುರಿ ಕಾಯಾಕಿಲ್ಲ ಅಂತ."

ತುರಿಕೆ ಶುರುವಾದದ್ದು ಎರಡನೆಯ ಸಂಗೀತ ಕಚೇರಿಯಿಂದ. ಮೊದಲು ಬೆರಳ ತುದಿ ಕೆಂಪಗಾಯಿತು. ಆಮೇಲೆ ರಾಗಿ ಕಾಳಿನಷ್ಟು ಗುಳ್ಳೆ, ಆಮೇಲೆ ಬಿರುಕು. ನನ್ನ ಡೈರಿಯಲ್ಲಿ ಇದಕ್ಕಾಗಿ ಒಂದು ಪುಟವೇ ಇದೆ: ಅಲ್ಲಿಂದ ಮುಂದೆ ಹನ್ನೊಂದು ಕಚೇರಿ, ಹನ್ನೊಂದರಲ್ಲೂ ಗುಳ್ಳೆ. ಒಂದು ಮಧ್ಯಾಹ್ನವಂತೂ ಬೆರಳು ಬಿರಿದು ಮುದ್ದೆ ಮುರಿಯಲಾರದೆ ಮಾವ ಸ್ಪೂನು ಕೇಳಿದ. ಪಳಪಳ ಹೊಳೆಯುವ ಸ್ಪೂನು ತಂದುಕೊಟ್ಟೆವು. ಅರ್ಧ ಮುದ್ದೆ ಮುಗಿಯುವಷ್ಟರಲ್ಲಿ ಸ್ಪೂನು ಹಿಡಿದ ಬೆರಳೂ ತುರಿಸತೊಡಗಿತು! ಉಳಿದ ಅರ್ಧವನ್ನು ತೆಂಗಿನ ಚಿಪ್ಪಿನಲ್ಲಿ ತಿಂದ.

ಇದು ಅಕ್ಕಿಯೇ ಎಂದು ಊರು ತೀರ್ಮಾನಿಸಿತು. ಅಕ್ಕಿ ಎಂದರೆ ತಿನ್ನುವ ಅಕ್ಕಿಯಲ್ಲ, ಮೈಮೇಲೆ ಏಳುವ ಗುಳ್ಳೆ. ಅದಕ್ಕೆ ನಮ್ಮ ಕಡೆ ಡಾಕ್ಟರಲ್ಲ, ಕುಂಬಾರರೇ ಗತಿ. ಕುಂಬಾರ ತಾತ ಕೆಮ್ಮಣ್ಣು ಕಲಸಿ, ಗುಳ್ಳೆಯ ಮೇಲೆ ಸಿಂಹ ಬರೆದರೆ ಅಕ್ಕಿ ಹೆದರಿ ಓಡುತ್ತದೆ. ಬೆನ್ನಿನ ಮೇಲೆ, ತೋಳಿನ ಮೇಲೆ ತಾತ ಎಷ್ಟೋ ಸಿಂಹ ಬರೆದಿದ್ದ. ಬೆರಳ ತುದಿಗೆ ಮಾತ್ರ ಇದೇ ಮೊದಲು.

"ಇಷ್ಟ್ ಜಾಗ್ದಾಗೆ ಸಿಂಹ ಎಲ್ಲಿ ಕೂರ್ತದಪ್ಪ?" ಎಂದು ಮಾವನ ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಬಾಲ ಬರೀತೀನಿ, ಸಾಕು. ಬಾಲ ಕಂಡ್ರೆ ಮಿಕ್ಕಿದ್ದು ಐತೆ ಅಂತ ಅದೇ ತಿಳ್ಕತದೆ."

ಎಂಟು ಬೆರಳಿಗೆ ಎಂಟು ಬಾಲ ಹೊತ್ತು ಮಾವ ಓಮಲೂರಿನ ರಿಸೆಪ್ಷನ್ನಿಗೆ ಹೋದ. ಸಿಂಹಗಳು ಮೂರನೆಯ ಹಾಡಿಗೇ ಬೆವರಿಗೆ ಕರಗಿದವು. ತಂತಿ ಕೆಂಪಾಯಿತು, ಗಿಟಾರು ಕೆಂಪಾಯಿತು. ಕೊನೆಗೆ ಮದುಮಗನ ಕೈಕುಲುಕಿ ಬೆನ್ನು ತಟ್ಟಿದಾಗ ಅವನ ಬಿಳಿ ಷರಟಿನ ಮೇಲೂ ನಾಲ್ಕು ಕೆಂಪು ಬೆರಳು ಮೂಡಿದವು. ಹೆಣ್ಣಿನ ಕಡೆಯವರು ಇದು ಗಂಡಿನ ಕಡೆಯ ಶಾಸ್ತ್ರವಿರಬೇಕೆಂದು ಭಕ್ತಿಯಿಂದ ಕೈಮುಗಿದರು. ಇನ್ನೂ ಇಬ್ಬರು ಬಂದು ತಮ್ಮ ಬೆನ್ನನ್ನೂ ಒಡ್ಡಿದರು.

ಇನ್ನು ಬಿಟ್ಟರೆ ಆಗದು ಎಂದು ನಾನೇ ತನಿಖೆಗಿಳಿದೆ. ಮಾವನ ತೋಳಿನ ಒಳಭಾಗಕ್ಕೆ ಒಂದೊಂದು ವಸ್ತುವನ್ನು ಬಟ್ಟೆಯಿಂದ ಕಟ್ಟುವುದು, ಎರಡು ದಿನ ಬಿಟ್ಟು ಬಿಚ್ಚುವುದು, ಕಂಡದ್ದನ್ನು ಬರೆಯುವುದು. ಅಜ್ಜಿಯ ಬೆಳ್ಳಿ ಕಾಲುಂಗುರ: ಏನೂ ಇಲ್ಲ. ತಾಮ್ರದ ಚೂರು: ಹಸಿರು ಕಲೆ, ತುರಿಕೆಯಿಲ್ಲ. ಕುರಿ ಕೊರಳ ಕಂಚಿನ ಗಂಟೆ: ತುರಿಕೆಯಿಲ್ಲ, ಆದರೆ ಎರಡು ದಿನವೂ ಮಾವ ಹೋದಲ್ಲೆಲ್ಲ ಕುರಿಮರಿಗಳು ಹಿಂದೆ ಹೋದವು. ಬೇಸ್ ತಂತಿಯ ತುಂಡು: ಒಂದೇ ದಿನಕ್ಕೆ ಗುಳ್ಳೆ. ಬೆಲ್ಟಿನ ಬಕ್ಕಲ್ ಕಟ್ಟೋಣ ಎಂದಾಗ ಮಾವ ನಾಚಿಕೊಂಡು, "ಅದು ಬ್ಯಾಡ ಅಳಿಯ, ಅದ್ರ ಪರೀಕ್ಷೆ ಆಗೋಗದೆ" ಎಂದು ಅಂಗಿ ಎತ್ತಿದ. ಹೊಕ್ಕುಳ ಕೆಳಗೆ ಬಕ್ಕಲಿನ ಅಳತೆಯ ಚೌಕ ಗಾಯ! ಬೆಲ್ಟು ಕಟ್ಟಲು ಕಲಿತಂದಿನಿಂದ ಅದನ್ನು ಯಾರಿಗೂ ಹೇಳದೆ ಸಾಕಿಕೊಂಡು ಬಂದಿದ್ದ.

ಪಟ್ಟಿ ಹಿಡಿದು ಸೇಲಂನಲ್ಲಿ ಸೈಕಲ್ ಭಾಗಗಳಿಗೆ ಮುಲಾಮು, ಎಂದರೆ ಲೋಹದ ಲೇಪ, ಹಾಕುವ ಒಂದು ಸಣ್ಣ ಕಾರ್ಖಾನೆಗೆ ಹೋದೆವು. ಅಲ್ಲಿಯ ಹಿರಿಯ ಕೆಲಸಗಾರ ಮಾವನ ಬೆರಳನ್ನು ನೋಡಿದ, ತನ್ನ ಮುಂಗೈ ತೋರಿಸಿದ. ಎರಡೂ ಅಣ್ಣತಮ್ಮಂದಿರ ಹಾಗಿದ್ದವು.

"ಇದು ನಿಕ್ಕಲ್ ಸೊರಿ, ನಿಕ್ಕಲ್ ತುರಿಕೆ ಸ್ವಾಮಿ. ನಮ್ ತೊಟ್ಟೀಲಿ ಕೈ ಅದ್ದಿದೋರ್ಗೆಲ್ಲ ಬತ್ತದೆ. ಹೊಳೆಯೋ ಬೆಳ್ಳಗಿನ್ ಮುಲಾಮೆಲ್ಲ ನಿಕ್ಕಲ್ಲೇ. ನಿಮ್ ತಂತಿಗೂ ಅದನ್ನೇ ಸುತ್ತವ್ರೆ."

"ಔಷ್ದ?"

"ಮುಟ್ಬ್ಯಾಡಿ. ಅದೇ ಔಷ್ದ."

ರೋಗದ ಹೆಸರು ಸಿಕ್ಕಿದ ಖುಷಿಯಲ್ಲಿ ಮಾವ ತಂಡದ ಮಾಸ್ಟರಿಗೆ ಹೋಗಿ ಹೇಳಿದ. ಮಾಸ್ಟರು ಅಕಾರ್ಡಿಯನ್ ನುಡಿಸುವವರು. ವಾದ್ಯ ಎದೆಯ ಮೇಲಿದ್ದರೂ ಇಲ್ಲದಿದ್ದರೂ ಉಸಿರು ಬಿಡುವಾಗ ಅದೇ ಸದ್ದು. "ಯೋವ್ ಬೇಸು, ತೈ ಮಾಸಂ ಪೂರಾ ಕಲ್ಯಾಣಂ. ವಿರಲ್ ಸರಿ ಪಣ್ಣು. ಇಲ್ಲಾಟಿ ಈರೋಡುಲೇರುಂದು ಆಳು ವರುವಾನ್" ಎಂದರು. ತೈ, ಎಂದರೆ ಸಂಕ್ರಾಂತಿಯಿಂದ ಶುರುವಾಗುವ ತಿಂಗಳೆಲ್ಲ ಮದುವೆ, ಬೆರಳು ಸರಿಮಾಡಿಕೋ, ಇಲ್ಲವಾದರೆ ಈರೋಡಿನಿಂದ ಬೇರೆಯವನು ಬರುತ್ತಾನೆ ಎಂದು. ಅಂದಿನಿಂದ ಮಾವನಿಗೆ ಈರೋಡು ಎಂಬ ಊರಿನ ಮೇಲೇ ಸಿಟ್ಟು. ಆ ಕಡೆಯ ಬಸ್ಸು ಬಂದರೆ ಮುಖ ತಿರುಗಿಸುತ್ತಿದ್ದ.

ತೈಗೆ ಎರಡೂವರೆ ತಿಂಗಳಿತ್ತು. ತಂತಿ ಹುಡುಕಾಟ ಶುರುವಾಯಿತು.

ಮೊದಲು ಸೇಲಂನ ವಾದ್ಯದಂಗಡಿ. ಮಾವನ ಹಳೆಯ ತಂತಿಗೆ ಸುತ್ತಿದ್ದುದು ದುಂಡು ಸರಿಗೆ, ಬೆರಳಾಡಿಸಿದರೆ ಅರದ ಹಾಗೆ ಗರಗರ. ಅಂಗಡಿಯವನು ಮದರಾಸಿನಿಂದ ಹೊಸ ಬಗೆಯದನ್ನು ತರಿಸಿಕೊಟ್ಟ. ಅದಕ್ಕೆ ಚಪ್ಪಟೆ ಪಟ್ಟಿ ಸುತ್ತಿತ್ತು, ಮೇಲೆ ಬೆರಳಿಟ್ಟರೆ ಜಾರುತ್ತಿತ್ತು. "ತೊಟ್ಟು ಪಾರುಂಗ ಸಾರ್, ವೆಣ್ಣೆ ಮಾದಿರಿ!" ಎಂದ. ಮುಟ್ಟಿ ನೋಡಿ, ಬೆಣ್ಣೆಯ ಹಾಗಿದೆ ಎಂದು. ಮಾವ ಕಣ್ಣುಮುಚ್ಚಿ ಸವರಿದ. ಕರಗಿಹೋದ.

"ಮಾವ, ಇದೂ ನಿಕ್ಕಲ್ಲೇ" ಎಂದೆ.

"ನುಣ್ಣಗಿರೋದು ಕಚ್ಚಾಕಿಲ್ಲ ಅಳಿಯ."

"ಹಾವು ನುಣ್ಣಗಿಲ್ವಾ?"

ಮಾವ ಕೊಂಡೇ ಬಿಟ್ಟ. ನುಡಿಸಿದ. ನಾಲ್ಕನೆಯ ದಿನದ ಡೈರಿ: ತುರಿಕೆ ಬಂದಿದೆ, ಈ ಸಲ ನುಣ್ಣಗೆ ಬಂದಿದೆ.

ಆಮೇಲೆ ಕೈಗವಸಿನ ಸರದಿ. ಏರ್ಕಾಡಿನಲ್ಲಿ ಚಳಿಗೆ ಉಣ್ಣೆಯ ಕೈಗವಸು ಸಿಗುತ್ತದೆ ಎಂದು ಘಾಟಿಯ ಬಸ್ಸು ಹತ್ತಿ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿ, ಒಂದು ಜೊತೆ ತಂದ. ಹಾಕಿಕೊಂಡು ನುಡಿಸಿದರೆ ಕಂಬಳಿ ಒದರಿದ ಸದ್ದು. ಅದಕ್ಕಿಂತ ದೊಡ್ಡ ರಾದ್ಧಾಂತ ಮನೆಯಲ್ಲಾಯಿತು. "ನೂರಾ ಅನ್ನೆಲ್ಡು ಕುರಿ ಮನೇಲಿ ಮೇಯ್ತಾ ಅವೆ, ಇವ್ನು ಬೆಟ್ಟ ಅತ್ತಿ ಉಣ್ಣೆ ಕೊಂಡ್ಕ ಬಂದವ್ನೆ!" ಎಂದು ಅಜ್ಜಿ ಆ ಕೈಗವಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬೀದಿಗೆಲ್ಲ ತೋರಿಸಿದಳು. ಕುರಿಗಳಿಗೂ ತೋರಿಸಿದಳು.

ಮಾವನಿಗೆ ಜ್ಞಾನೋದಯವಾದದ್ದು ಆಗಲೇ. ಕುರಿ! ಹಾಸಿಗೆಗೆ ಹತ್ತಿ ಎಕ್ಕುವವನ ಬಿಲ್ಲಿಗೆ ಕಟ್ಟುವುದು ಏನನ್ನು? ಕುರಿಯ ಕರುಳನ್ನು. ಮೀಟಿದರೆ ಅದು ಟೊಯ್ಯ್ ಎನ್ನುವುದಿಲ್ಲವೇ? ಅದರಲ್ಲಿ ಎಲ್ಲಿಯ ನಿಕ್ಕಲ್? ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಮದರಾಸಿನ ತಂತಿಗೆ ಕೈಚಾಚುವುದೇ?

ಪಕ್ಕದೂರಿನ ಕಿಡಾವೆಟ್ಟಿನಲ್ಲಿ, ಎಂದರೆ ಊರದೇವರಿಗೆ ಕುರಿ ಕಡಿಯುವ ಹಬ್ಬದಲ್ಲಿ, ಕರುಳು ಕೇಳಿ ತಂದ. ಕೆರೆದ, ಬೂದಿನೀರಿನಲ್ಲಿ ನೆನೆಸಿದ, ಹುರಿ ಮಾಡಿದ, ಬೇವಿನ ಮರದಿಂದ ಕೊಟ್ಟಿಗೆಯ ಕಂಬಕ್ಕೆ ಬಿಗಿದು ಒಣಗಿಸಿದ. ಒಂದು ವಾರ. ಆ ವಾರದ ಲೆಕ್ಕ: ಕಾಗೆಗಳು ಎಣಿಸಲಾಗಲಿಲ್ಲ, ನಾಯಿಗಳು ಒಂಬತ್ತು, ಮೂಗು ಮುಚ್ಚಿಕೊಂಡು ಹಿಂದಿರುಗಿದ ನೆಂಟರು ನಾಲ್ವರು.

"ಬದ್ಕಿದ್ದಾಗ ಕುರಿ ಹಿಂದೆ ಓಗ್ಲಾ ಅಂದ್ರೆ ಓಗ್ನಿಲ್ಲ" ಎಂದು ಅಜ್ಜಿ ಜಗಲಿಯಿಂದ ಕೂಗಿದಳು. "ಈಗ ಅದ್ರ ಕರ್ಳು ಇಟ್ಕಂಡು ರಾಗ ತೆಗೀತಾನಂತೆ! ಸತ್ ಮೇಲೂ ಅದು ನಿಂಗೋಸ್ಕರ ಅರಚ್ಬೇಕೇನ್ಲಾ?"

ಆದರೆ ಹೇಳಲೇಬೇಕು. ತಂತಿ ಕಟ್ಟಿ, ಸ್ಪೀಕರಿಲ್ಲದ ಜಗಲಿಯ ಮೇಲೆ ಕೂತು ಮೀಟಿದಾಗ ಒಂದು ಮೆದುವಾದ ಗುಂಕಾರ ಬಂತು. ಒಂದು ಗಂಟೆ ನುಡಿಸಿದ. ಬೆರಳು ಕೆಂಪಾಗಲಿಲ್ಲ. ಮಾವ ಎದ್ದು ಅಂಗಳದಲ್ಲಿ ಮೂರು ಸುತ್ತು ಕುಣಿದ.

ಧರ್ಮಪುರಿಯ ರಿಸೆಪ್ಷನ್ನಿಗೆ ನಾನೂ ಜೊತೆಗೆ ಹೋದೆ. ಮಾವ ವೇದಿಕೆ ಹತ್ತಿದ, ವಯರು ಚುಚ್ಚಿದ. ಎಲ್ಲಿಂದಲೋ ಎರಡು ನಾಯಿಗಳು ಬಂದು ಅವನ ಎದುರು ವಿನಯದಿಂದ ಕುಳಿತವು. ಹಾಡು ಶುರುವಾಯಿತು. ಮಾವ ಮೀಟಿದ. ಸದ್ದಿಲ್ಲ! ಸ್ಪೀಕರಿನ ತಿರುಪು ತಿರುಗಿಸಿದ. ಇಲ್ಲ! ಪೂರ್ತಿ ತಿರುಗಿಸಿದ. ಸೊಯ್ಯ್ ಎಂಬ ಗಾಳಿ ಬಿಟ್ಟರೆ ಏನೂ ಇಲ್ಲ. ಕಾರಣ ನನಗೆ ತಿಳಿದದ್ದು ಮರುದಿನ, ಮೆಟ್ಟೂರಿನ ರೇಡಿಯೋ ರಿಪೇರಿಯವನಿಂದ. ಆ ಗಿಟಾರಿನಲ್ಲಿ ತಂತಿಯ ಕೆಳಗೆ ಒಂದು ಕರಿ ಪೆಟ್ಟಿಗೆಯಿದೆ, ಅದರೊಳಗೆ ಅಯಸ್ಕಾಂತ. ಮೇಲೆ ಕಬ್ಬಿಣ ಅಲ್ಲಾಡಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಕುರಿ ಅಲ್ಲಾಡಿದರೆ ಅದಕ್ಕೇನು?

ವೇದಿಕೆ ಬಿಟ್ಟು ಇಳಿಯುವಂತಿಲ್ಲ. ಮಾವ ನುಡಿಸಿದ. ಹದಿನಾಲ್ಕು ಹಾಡು, ಎರಡು ಗಂಟೆ, ಒಂದು ಸ್ವರವೂ ಹೊರಡದ ಗಿಟಾರನ್ನು ತಲೆ ಕುಣಿಸಿ, ಕಣ್ಣು ಮುಚ್ಚಿ, ಬೆವರು ಸುರಿಸಿ ನುಡಿಸಿದ. ಎದುರಿಗಿದ್ದ ನಾಯಿಗಳು ಮಾತ್ರ ಕಣ್ಣು ಕೀಳದೆ ನೋಡಿದವು. ಇಳಿದು ಬಂದಾಗ ಮಾಸ್ಟರು ಬೆನ್ನು ತಟ್ಟಿ, "ಇನ್ನಿಕ್ಕು ಬೇಸ್ ನಲ್ಲಾ ಇರುಂದುಚ್ಚು" ಎಂದರು. ಇವತ್ತು ಬೇಸ್ ಚೆನ್ನಾಗಿತ್ತು!

ನಾನು ಬಸ್ಸಿನಲ್ಲಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆ. ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ತೊಪ್ಪೂರು ದಾಟಿದ ಮೇಲೆ ಒಂದೇ ಮಾತು.

"ನಾನ್ ಇಲ್ದಿದ್ರೂ ಯಾರ್ಗೂ ಗೊತ್ತಾಗ್ನಿಲ್ವಲ್ಲ ಅಳಿಯ."

ಮರುದಿನ ಬೆಳಗ್ಗೆ ಗಿಟಾರನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಕೋಲು ತೆಗೆದುಕೊಂಡು ಕುರಿಗಳ ಹಿಂದೆ ಹೋದ.

ಅಜ್ಜಿ ಎಷ್ಟೋ ವರ್ಷದಿಂದ ಬೇಡಿಕೊಂಡದ್ದು ಇದನ್ನೇ. ಮೊದಲ ದಿನ ಸಂತೋಷಕ್ಕೆ ಹುರುಳಿಕಾಳು ಸಾರು ಮಾಡಿದಳು. ಎರಡನೆಯ ದಿನ ಅವನು ಬರುವ ದಾರಿಯನ್ನೇ ನೋಡುತ್ತ ಕೂತಳು. ಮೂರನೆಯ ಸಂಜೆ ನಾನು ಕಚೇರಿಯಿಂದ ಬರುವುದನ್ನೇ ಕಾದಿದ್ದು ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಮೊಗ, ಅವ್ನ್ಯಾಕ್ಲಾ ಕುರಿ ಕಾಯ್ತಾ ಅವ್ನೆ?"

"ನೀನೇ ಹೇಳಿದ್ದಲ್ಲಜ್ಜಿ?"

"ನಾನ್ ಏಳ್ದೆ ಸರಿ. ಅವ್ನ್ ಯಾಕೆ ಕೇಳ್ಬೇಕು? ಒಂದ್ ಕುರೀನೂ ತಪ್ಪುಸ್ಕಂಡ್ ಬರಾಕಿಲ್ಲ. ಬೈದ್ರೆ ತಿರ್ಗ ಬೈಯಾಕಿಲ್ಲ. ಮುದ್ದೆ ಇಕ್ಕಿದ್ರೆ ಸಾಕು ಅನ್ನಾಕಿಲ್ಲ, ಬೇಕು ಅನ್ನಾಕಿಲ್ಲ. ನಂಗೆ ಭಯ ಆಯ್ತದೆ."

ರೇಡಿಯೋದವನು ಹೇಳಿದ್ದನ್ನು ವಿವರಿಸಿದೆ. ಪೆಟ್ಟಿಗೆಗೆ ಕಬ್ಬಿಣ ಬೇಕು, ಮಾವನಿಗೆ ತಂತಿಯ ಲೋಹ ಆಗದು. ಅಜ್ಜಿ ಎಲೆಅಡಿಕೆ ಉಗಿದಳು.

"ಅಷ್ಟೇ ತಾನೆ? ಕಿತ್ತಾಡೋ ಎಮ್ಮೆಗೋಳ್ ಮಧ್ಯ ಗಳ ಕಟ್ಟಾಕಿಲ್ವಾ? ಅವೆಲ್ಡರ ಮಧ್ಯ ಒಂದು ನೂಲು ಸುತ್ತಿದ್ರಾಯ್ತು. ಕಬ್ಣ ಒಳ್ಗಿರ್ಲಿ, ಇವ್ನು ಒರಗಿರ್ಲಿ."

ಇಷ್ಟು ದಿನ ನಾನು ಪಟ್ಟಿ ಮಾಡಿದ್ದೆ, ಮಾವ ಬೆಟ್ಟ ಹತ್ತಿದ್ದ, ಕುಂಬಾರ ತಾತ ಬಾಲ ಬರೆದಿದ್ದ. ಇದು ಯಾರಿಗೂ ಹೊಳೆದಿರಲಿಲ್ಲ!

ತನ್ನ ಉಣ್ಣೆ ಒರಟು ಎಂದು ಅಜ್ಜಿಯೇ ಒಪ್ಪಿಕೊಂಡಳು. ಅವಳ ಬಾಯಿಂದ ಆ ಮಾತು ಬಂದದ್ದನ್ನು ನಾನು ಅಡಿಗೆರೆ ಎಳೆದು ಬರೆದಿದ್ದೇನೆ. ಮರುದಿನ ಒಬ್ಬಳೇ ಬಸ್ಸು ಹತ್ತಿ, ಎರಡು ಕಡೆ ಬದಲಾಯಿಸಿ, ಮಾರಂಡಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ತಂಗಿಯ ಮನೆಗೆ ಹೋಗಿ, ಸೆರಗಿನ ಗಂಟಿನಲ್ಲಿ ರೇಷ್ಮೆ ನೂಲು ತಂದಳು. ಮಾವ ಕುರಿ ಹೊಡೆದುಕೊಂಡು ಹೋದ ಮೇಲೆ, ಭಾನುವಾರ ಮತ್ತು ನಾನು ರಜೆ ಹಾಕಿದ ಮೂರು ದಿನ, ನಮ್ಮ ಕಾರ್ಖಾನೆ ನಡೆಯಿತು. ಮದರಾಸಿನ ಆ ನುಣ್ಣನೆಯ ತಂತಿಯನ್ನು ಎರಡು ಗೂಟದ ನಡುವೆ ಬಿಗಿದೆವು. ನಾನು ತಂತಿ ತಿರುಗಿಸಬೇಕು, ಅಜ್ಜಿ ನೂಲು ಬಿಡಬೇಕು. ಮೊದಲನೆಯ ಸಲ ಮೀಟಿದ ಕೂಡಲೇ ನೂಲು ಜಾರಿ ಕಾಲುಚೀಲದ ಹಾಗೆ ಗುಪ್ಪೆಯಾಯಿತು. ಬಿಚ್ಚಿ ಮತ್ತೆ ಸುತ್ತಿದಳು, ಸುತ್ತಿಗೆ ಸುತ್ತು ತಾಗುವ ಹಾಗೆ. ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯನ್ನು ತೆಳ್ಳಗೆ ಕಾಸಿ ಎರಡು ಸಲ ಸವರಿ, ನೆರಳಿನಲ್ಲಿ ಒಣಗಿಸಿ, ಹೊಳೆಯ ಕಲ್ಲಿನಿಂದ ತಿಕ್ಕಿದಳು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಬೆರಳಿನಲ್ಲೇ ನೋಡಿ ಸುತ್ತುತ್ತಿದ್ದಳು. ಒಂದು ಗೇಣಿಗೆ ಎಷ್ಟು ಸುತ್ತು ಎಂದು ಎಣಿಸಹೋದರೆ, "ಎಣಿಸ್ಬ್ಯಾಡ್ಲಾ, ಕಣ್ ಬೀಳ್ತದೆ" ಎಂದು ಗದರಿಸಿದಳು. ಡೈರಿಯಲ್ಲಿ ಆ ಜಾಗ ಖಾಲಿಯಿದೆ.

ನಾಲ್ಕನೆಯ ಸಂಜೆ ಊಟಕ್ಕೆ ಕೂತ ಮಾವನ ಪಕ್ಕಕ್ಕೆ ತಂತಿಯ ಸುರುಳಿಯನ್ನು ಎಸೆದಳು. "ಇಟ್ಕ. ಆಗ್ನಿಲ್ಲ ಅಂದ್ರೆ ಗೋಣಿ ಒಲಿಯಾಕಾಯ್ತದೆ."

ಮಾವ ಮುದ್ದೆಯ ಕೈ ತೊಳೆಯದೆ ಅಟ್ಟ ಹತ್ತಿದ.

ತೈ ತಿಂಗಳ ಮೊದಲ ಮದುವೆ ಸೇಲಂನಲ್ಲಿ. ಅಜ್ಜಿ, "ನಂಗೇನ್ ಕೆಲ್ಸ ಅಲ್ಲಿ" ಎನ್ನುತ್ತಲೇ ನಮಗಿಂತ ಮೊದಲು ಬಸ್ಸು ಹತ್ತಿ ಕೂತಿದ್ದಳು. ಮಂಟಪಕ್ಕೆ ಹೋದರೆ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಈರೋಡಿನವನು! ಮಾಸ್ಟರು ಮಾವನಿಗೆ ಒಂದೇ ಬೆರಳು ತೋರಿಸಿದರು. ಒಂದು ಹಾಡು, ಅಷ್ಟೇ ಅವಕಾಶ.

ಮಾವ ವಯರು ಚುಚ್ಚಿದ. ಮೊದಲ ಏಟು ಬಿತ್ತು. ಗುಂ! ಹಳೆಯ ಗರಗರವಿಲ್ಲ. ದಪ್ಪನೆಯ, ಮೆತ್ತನೆಯ ಸದ್ದು ಕುರ್ಚಿಯ ಕಾಲಿನಿಂದ ಮೇಲೇರಿ ನನ್ನ ಪಕ್ಕೆಯೊಳಗೆ ನಿಂತಿತು. ಮಾಸ್ಟರು ಅಕಾರ್ಡಿಯನ್ ನುಡಿಸುತ್ತಲೇ ತಿರುಗಿ ಮಾವನನ್ನು ನೋಡಿದರು. ಅವರು ಬೇಸಿನ ಕಡೆ ತಿರುಗಿ ನೋಡಿದ್ದು ನನ್ನ ಡೈರಿಯಲ್ಲಿ ಅದೇ ಮೊದಲು. ಎರಡನೆಯ ಹಾಡು ಶುರುವಾದಾಗ ಈರೋಡಿನವನು ತನ್ನ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಕೈಕಟ್ಟಿಕೊಂಡು ಕೇಳತೊಡಗಿದ.

ಮೂರನೆಯ ಹಾಡು ಮುಗಿದಾಗ ಮುಂದಿನ ಸಾಲಿನಿಂದ ಅಜ್ಜಿ ಎದ್ದಳು. ಮದುಮಕ್ಕಳಿಗೆ ಉಡುಗೊರೆ ಕೊಡುವವರ ಸಾಲಿನೊಳಗೆ ನುಗ್ಗಿ ವೇದಿಕೆ ಹತ್ತಿದಳು. ಹಿರಿಯರು ಹರಸಲು ಬಂದರೆಂದು ಮದುಮಕ್ಕಳು ಕಾಲಿಗೆ ಬಗ್ಗಿದರು. ಅವಳು ಅವರನ್ನು ಬಳಸಿಕೊಂಡು ಹೋಗಿ ಮಾವನ ಮುಂದೆ ನಿಂತಳು. ಹಾಡುಗಾರನ ಮೈಕು ಅಲ್ಲೇ ಇತ್ತು.

"ತೋರ್ಸ್ಲಾ ಕೈಯ."

ಮಂಟಪದ ನಾಲ್ಕು ಮೂಲೆಗೂ ಕೇಳಿಸಿತು. ಊಟದ ಹಾಲಿನಿಂದಲೂ ಜನ ಇಣುಕಿದರು.

"ಅವ್ವ, ಕಚೇರಿ ನಡೀತೈತೆ" ಎಂದು ಮಾವ ಪಿಸುಗುಟ್ಟಿದ. ಅದೂ ಕೇಳಿಸಿತು.

"ನಡೀಲಿ. ತೋರ್ಸು."

ಕಿವಿಯಿಂದ ಕೆಳಗಿಳಿದ ಕೆನ್ನೆಗೂದಲು, ನೆಲ ಗುಡಿಸುವ ಬೆಲ್ ಬಾಟಮ್ಮು, ಮೂವತ್ಮೂರು ವರ್ಷದ ಆಸಾಮಿ. ಎಡಗೈ ಚಾಚಿದ. ಅಜ್ಜಿ ಒಂದೊಂದೇ ಬೆರಳನ್ನು ತನ್ನ ಒಳ್ಳೆಯ ಕಣ್ಣಿನ ಹತ್ತಿರ ತಂದು ನೋಡಿದಳು, ಹೆಬ್ಬೆರಳಿನಿಂದ ತುದಿಯನ್ನು ಒತ್ತಿದಳು.

"ಉರೀತಾ?"

"ಇಲ್ಲವ್ವ."

"ಸುಳ್ಳೇಳ್ಬ್ಯಾಡ."

"ಇಲ್ಲ ಕಣವ್ವ. ನಿಜ್ವಾಗ್ಲೂ."

ಕಿರುಬೆರಳು ನೋಡಿಯಾದ ಮೇಲೂ ಅವಳು ಕೈ ಬಿಡಲಿಲ್ಲ. ಒಂದು ಗುಳ್ಳೆಯೂ ಇಲ್ಲದ ಆ ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಮೆಲ್ಲಗೆ ಊದಿದಳು. ಆ ಉಸಿರು ಮೈಕಿಗೆ ಸಿಕ್ಕಿ, ಎರಡೂ ದೊಡ್ಡ ಸ್ಪೀಕರುಗಳಿಂದ ಹೊರಟು, ಸದ್ದಿಲ್ಲದೆ ಕೂತಿದ್ದ ಅಷ್ಟು ಜನರ ಮೇಲೆ ಹಾದುಹೋಯಿತು.